ಷರಾ

ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ
ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ಸಾಕಾಗಿದೆ.
ಪ್ರಿಂಟರ್ ರಿಪೇರಿಯಲ್ಲ. ಕೋಡ್ ಬರೆಯುವುದೂ ಅಲ್ಲ, ಹೆಚ್ಚಾಗಿ.
ಕಥೆ ಹೇಳುವವರ ಎದುರು ಕೂತು
ಹೂಂಗುಟ್ಟುವುದು.
ಹೂಂ, ಆಮೇಲೆ? ಹೂಂ, ಅದಾದ ಮೇಲೆ?
ಮುಗಿದಾಗ ಕಥೆಯನ್ನು ಚೌಕಗಳಲ್ಲಿ ತುಂಬಿ
ನಡುವೆ ಬಾಣ ಎಳೆದು
ಹೇಳಿದವರಿಲ್ಲದೆಯೂ ಅದು ನಡೆಯುವಂತೆ ಮಾಡುವುದು.

ಫುಜೈರಾದಲ್ಲಿ, ಹಜರ್ ಬೆಟ್ಟದ ಬುಡದಲ್ಲಿ
ನೀರಿನ ಟ್ಯಾಂಕರ್ ಕಂಪನಿ. ಮೂವತ್ತೆಂಟು ಲಾರಿ,
ಒಂದು ಪೋರ್ಟಾ ಕ್ಯಾಬಿನ್, ಕಿಟಕಿಯಲ್ಲಿ ಕೆಮ್ಮುವ ಏಸಿ,
ಏಸಿಯ ಕೆಳಗೆ ಇಪ್ಪತ್ತಾರು ವರ್ಷದಿಂದ ದಾದ್ ರಹೀಮ್.
"ಮುಹಂದಿಸಾ, ಮೊದಲು ಚಹಾ," ಎಂದರು.
ಹುಡುಗನೊಬ್ಬ ತಂದಿಟ್ಟು ಬಾಗಿಲಲ್ಲೇ ನಿಂತ.
ನಾನು ಲ್ಯಾಪ್‌ಟಾಪ್ ತೆರೆದೆ.

ಫೋನು ಬರುತ್ತದೆ. ಹೂಂ.
ಹೆಸರು ಬರೆಯುತ್ತೇನೆ. ಹೂಂ.
ಲಾರಿ ಕಳಿಸುತ್ತೇನೆ. ಯಾರಿಗೆ ಮೊದಲು?
ಮೊದಲು ಕರೆದವರಿಗೆ.
ಮತ್ತೆ ಈ ಚುಕ್ಕಿ?

ದಫ್ತರದ ಅಂಚಿನಲ್ಲಿ, ಕೆಲವೇ ಹೆಸರುಗಳೆದುರು
ಹಸಿರು ಪೆನ್ನಿನಲ್ಲಿ, ಎಳ್ಳಿನಷ್ಟು.

ಓ, ಅದಾ? ಅವರಿಗೆ ಕರೆಯುವ ಮೊದಲೇ ಕಳಿಸಬೇಕು.
ಮಧಬ್‌ನ ಆ ಮನೆಯಲ್ಲಿ ಡಯಾಲಿಸಿಸ್ ಯಂತ್ರವಿದೆ.
ಅಲ್ ಹೈಲ್ ಕ್ಯಾಂಪಿನ ಟ್ಯಾಂಕಿ ಸೋರುತ್ತದೆ,
ಒಳಗೆ ನೂರ ನಲವತ್ತು ಹುಡುಗರು,
ಫೋರ್‌ಮನ್ ಫೋನ್ ಮಾಡುವ ಪೈಕಿಯಲ್ಲ.
ಕಲ್ಬಾ ದಾರಿಯ ಮುದುಕಿಗೆ ಕೇಳಲು ನಾಚಿಕೆ.
ಅವಳ ಆಡುಗಳಿಗಿಲ್ಲ, ಅವು ಬಾಯಿಬಿಟ್ಟೇ ಕೇಳುತ್ತವೆ.

"ಒಂದು ನಿಯಮ ಹೇಳಿ," ಅಂದೆ.
"ಎಷ್ಟು ದಿನಕ್ಕೊಮ್ಮೆ? ಯಾವ ಆಧಾರದ ಮೇಲೆ?"
ಅವರು ಏಸಿಯತ್ತ ನೋಡಿದರು,
ಉತ್ತರ ಅಲ್ಲಿಂದ ತೊಟ್ಟಿಕ್ಕೀತು ಎಂಬಂತೆ.
"ಗೊತ್ತಾಗುತ್ತದೆ," ಅಂದರು.

ಗೊತ್ತಾಗುತ್ತದೆ ಎಂಬುದಕ್ಕೆ ಚೌಕವಿಲ್ಲ.
ಪರದೆಯ ತುದಿಗೆ ಒಂದು ಖಾಲಿ ಜಾಗ ಬಿಟ್ಟೆ,
ಇನ್ನೂರೈವತ್ತು ಅಕ್ಷರ, ಕಡ್ಡಾಯವಲ್ಲ.
ನಮ್ಮ ಕಡೆ ಇದಕ್ಕೆ ಷರಾ ಅನ್ನುತ್ತಾರೆ ಎಂದಾಗ
ಹುಬ್ಬೇರಿಸಿದರು. ಶರ್ಹ್? ಅದು ಇಲ್ಲಿಯ ಮಾತು!
ಬಿಡಿಸಿ ಹೇಳುವುದು ಎಂದರ್ಥ.
ಕುಂದಾಪುರದ ತಾಲೂಕು ಕಚೇರಿಗೆ
ಯಾವ ಹಡಗಿನಲ್ಲಿ ಬಂದಿಳಿದಿತ್ತೋ.
ಇಬ್ಬರೂ ಬೆರಳು ಮಡಚಿ ಎಣಿಸಿದೆವು:
ತಾರೀಕು, ಬಾಕಿ, ಹಾಜರಿ, ಜಮಾ, ವಸೂಲಿ.
ವಜಾ ನಾಲಿಗೆಯ ತುದಿಯವರೆಗೂ ಬಂದಿತ್ತು.
ಚಹಾದ ಜೊತೆ ನುಂಗಿದೆ.

ಮೇ ತಿಂಗಳಲ್ಲಿ ಸಿಸ್ಟಮ್ ಲೈವ್ ಆಯಿತು.
ಕೇಕಿನ ಮೇಲೆ ಸಕ್ಕರೆಯ ಟ್ಯಾಂಕರ್.
ಅದರದೊಂದು ಚಕ್ರ ಅವರಿಗೂ ಬಂತು,
ಸಹಿ ಮಾಡಬೇಕಾದ ಕಾಗದದ ಜೊತೆಗೆ.
ದಫ್ತರ ಎಲ್ಲಿ ಹೋಯಿತೋ, ನಾನು ಕೇಳಲಿಲ್ಲ.
ನನ್ನ ಸಂಬಳ ಎಂಟುನೂರು ದಿರ್ಹಮ್ ಏರಿತು.
ಏರ್ ಫ್ರೈಯರ್ ಕೊಂಡೆ.

ಈಗ ಆಗಸ್ಟ್. ರಾತ್ರಿ ಎರಡು ಗಂಟೆ,
ಹೊರಗೆ ಮೂವತ್ತಾರು ಡಿಗ್ರಿಯ ಕತ್ತಲೆ.
ಮನೆಯಿಂದಲೇ ಕಸ ಗುಡಿಸುತ್ತಿದ್ದೇನೆ,
ಅರ್ಥವಿಲ್ಲದ ನಮೂದುಗಳನ್ನು ಹುಡುಕಿ ಅಳಿಸುವುದು.
ಷರಾ ಕಾಲಮ್: ಹನ್ನೊಂದು ಸಾವಿರ ಸಾಲು,
ಖಾಲಿ, ಖಾಲಿ, ಖಾಲಿ,
ಒಂದು ಕಡೆ ಯಾರದೋ ಊಟ, ಎರಡು ಪರೋಟ ಒಂದು ದಾಲ್,
ಮತ್ತೆ ಖಾಲಿ.
ಆಮೇಲೆ ಅಲ್ ಹೈಲ್ ಕ್ಯಾಂಪು, ಅದರೆದುರು
ಒಂದು ಚುಕ್ಕಿ.

ನಾಲ್ಕು ದಿನ ಬಿಟ್ಟು ಇನ್ನೊಂದು. ಅದೇ ಕ್ಯಾಂಪು.
ಬಳಕೆದಾರನ ಹೆಸರು ಟೇಕ್ ಬಹಾದುರ್, ರಾತ್ರಿ ಪಾಳಿ.
ಯಾರಿವನು ಎಂದು ಫೋಟೋ ತೆರೆದರೆ
ಚಹಾ ತಂದಿಟ್ಟ ಹುಡುಗ.
ಬಾಗಿಲಲ್ಲಿ ನಿಂತು ಅವನೂ ಹೂಂಗುಟ್ಟುತ್ತಿದ್ದನೆ?
ನಾನು ಬೆನ್ನು ಹಾಕಿ ಕೂತಿದ್ದೆ.

ಒಂದೇ ಅಕ್ಷರವಿದ್ದರೆ ಕಸ. ನಿಯಮ ನನ್ನದೇ.
ಎರಡು ಸಾಲು ಅಳಿಸಲೇ, ಎನ್ನುತ್ತಿದೆ ಪರದೆ.
ಇಲ್ಲ, ಒತ್ತಿದೆ.
ಕಾರಣ ಬರೆಯಿರಿ, ಎಂದಿತು. ಕಡ್ಡಾಯ.
ಈ ಜಾಗವನ್ನೂ ಇಟ್ಟವಳು ನಾನೇ.

ಕೆಳಗೆ, ನಮ್ಮ ಕಟ್ಟಡದ ಹಿಂದೆ,
ಟ್ಯಾಂಕರೊಂದು ಕೀಂಕೀಂ ಎನ್ನುತ್ತ ಹಿಂದಕ್ಕೆ ಬರುತ್ತಿದೆ.
ಯಾರೋ ಅರೆನಿದ್ದೆಯ ದನಿಯಲ್ಲಿ
ಬಾ, ಬಾ, ಇನ್ನೂ ಸ್ವಲ್ಪ, ಎನ್ನುತ್ತಿದ್ದಾರೆ.